ಎಲೆಕ್ಷನ್ ಮಾಡಿಸಿ ಹೊಳ್ಳಿ ಕೋರ್ಟಿಗೆ ಹೋದ ಚೀಫ್ ಜಸ್ಟಿಸ್: ಶಹಾಬುದ್ದೀನ್ ಅಹ್ಮದ್ ಮತ್ತ ಬಾಂಗ್ಲಾದ ಉಸ್ತುವಾರಿ ಸರ್ಕಾರ

1990 ಡಿಸೆಂಬರ್ 6ಕ್ಕ ಬಾಂಗ್ಲಾದೇಶದ ಚೀಫ್ ಜಸ್ಟಿಸ್ ಒಬ್ರು ಉಪರಾಷ್ಟ್ರಪತಿ ಆದ್ರು, ಅದೇ ದಿನ ಹಂಗಾಮಿ ರಾಷ್ಟ್ರಪತಿನೂ ಆದ್ರು, ಮೂರು ತಿಂಗಳೊಳಗ ದೇಶಕ್ಕ ಒಂದು ಎಲೆಕ್ಷನ್ ಮಾಡಿಸಿದ್ರು, ಆಮ್ಯಾಲ ಇದ್ದ ಅಧಿಕಾರ ಎಲ್ಲಾ ಬಿಟ್ಟು ಹೊಳ್ಳಿ ತಮ್ಮ ಕೋರ್ಟಿಗೇ ಹೋಗಿ ಕುಂತ್ರು. ಅವ್ರ ಹೆಸರು ಶಹಾಬುದ್ದೀನ್ ಅಹ್ಮದ್. ಅಧಿಕಾರ ಕೈಗೆ ಬಂದ ಮ್ಯಾಲ ಬಿಟ್ಟು ಹೋದವ್ರು ನಮ್ಮ ಈ ಕಡೆ ದೇಶಗಳಾಗ ಭಾಳ ಕಡಿಮಿ, ಅದಕ್ಕ ಇವ್ರ ಕಥಿ ಪೂರ್ತಿ ಗೊತ್ತಿರಬೇಕು ಅಂತ ನನಗ ಅನ್ಸತೈತಿ.

ಸಿಂಧನೂರಾಗ ಕುಂತು ಬಾಂಗ್ಲಾದ ಜಡ್ಜ್ ಬಗ್ಗೆ ಯಾಕ ಬರೀತೀರಿ ಅಂತ ಕೇಳಬಹುದು. ನಮ್ಮ ತಾಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳು ನಿಮಗ ಗೊತ್ತಲ್ಲ, ಪೂರ್ವ ಪಾಕಿಸ್ತಾನ, ಅಂದ್ರ ಈಗಿನ ಬಾಂಗ್ಲಾದೇಶ, ಬಿಟ್ಟು ಬಂದ ಬಂಗಾಳಿ ಕುಟುಂಬಗಳು ಇಲ್ಲಿ ನೆಲಿ ನಿಂತು ಐವತ್ತು ವರ್ಷದ ಮ್ಯಾಲಾತು, ಭತ್ತ ಬೆಳೀತಾರ, ಮೀನು ಸಾಕ್ತಾರ, ಮನ್ಯಾಗ ಬಂಗಾಳಿ, ಬಜಾರದಾಗ ನಮ್ಮಂಗ ಕನ್ನಡ. 2024 ಆಗಸ್ಟ್ 5ಕ್ಕ ಬಾಂಗ್ಲಾದ ಪ್ರಧಾನಿ ಶೇಖ್ ಹಸೀನಾ ಢಾಕಾ ಬಿಟ್ಟು ಹೋದಾಗ ಕ್ಯಾಂಪಿನ ಹಿರಿಯರು ಮೊಬೈಲ್ ಬಿಟ್ಟು ಏಳಲಿಲ್ಲ. ಆಗ ಅಲ್ಲಿಯ ಒಬ್ಬ ಹುಡುಗ ನನಗ ಕೇಳಿದ, "ಅಣ್ಣಾ, ಅಲ್ಲಿ ಎಲೆಕ್ಷನ್ ಮಾಡಬೇಕಂದ್ರ ಮೊದ್ಲು ಸರ್ಕಾರನ ಇಳಿಬೇಕು ಅಂತ ಜಗಳ ಮಾಡ್ತಾರಲ್ಲ, ನಮ್ಮಲ್ಲಿ ಸಿಎಂ ಕುರ್ಚಿ ಮ್ಯಾಲ ಇರ್ತಾನ ಎಲೆಕ್ಷನ್ ಆಗತೈತಿ, ಅಲ್ಲಿ ಯಾಕ ಹಂಗ?" ಒಳ್ಳೆ ಪ್ರಶ್ನೆ. ಇದಕ್ಕ ಉತ್ತರ ಹೇಳಬೇಕಂದ್ರ ಶಹಾಬುದ್ದೀನ್ ಸಾಹೇಬ್ರಿಂದನ ಶುರು ಮಾಡಬೇಕು.

ಅವ್ರು ಹುಟ್ಟಿದ್ದು 1930 ಫೆಬ್ರವರಿ 1ಕ್ಕ, ನೇತ್ರಕೋನಾ ಕಡೆ ಕೆಂದುವಾ ಅನ್ನೋ ಭಾಗದ ಹಳ್ಳ್ಯಾಗ. ಢಾಕಾ ಯೂನಿವರ್ಸಿಟಿಯಾಗ ಅರ್ಥಶಾಸ್ತ್ರ, ಆಮ್ಯಾಲ ಅಂತರರಾಷ್ಟ್ರೀಯ ಸಂಬಂಧ ಓದಿ 1954ರಾಗ ಪಾಕಿಸ್ತಾನ ಸಿವಿಲ್ ಸರ್ವಿಸ್ ಸೇರಿದ್ರು. ಅಂದ್ರ ಮೊದ್ಲು ಅವ್ರು ಜಡ್ಜ್ ಅಲ್ಲ, ಆಡಳಿತದ ಅಧಿಕಾರಿ. ಗೋಪಾಲಗಂಜ್, ನಾಟೋರ್‌ದಾಗ ಸಬ್ ಡಿವಿಜನ್ ಆಫೀಸರ್ ಆಗಿದ್ರು, ನಮ್ಮಲ್ಲಿ ಲಿಂಗಸುಗೂರಿನ ಎ.ಸಿ. ಹುದ್ದೆ ಅಂತ ತಿಳ್ಕೋರಿ. 1960ರಾಗ ನ್ಯಾಯಾಂಗದ ಕಡೆ ಬಂದ್ರು, ಜಿಲ್ಲಾ ಜಡ್ಜ್ ಆಗಿ, ಢಾಕಾ ಹೈಕೋರ್ಟಿನ ರಿಜಿಸ್ಟ್ರಾರ್ ಆಗಿ ಕೆಲಸ ಮಾಡಿದ್ರು. ಬಾಂಗ್ಲಾ ಸ್ವತಂತ್ರ ಆದ ಮ್ಯಾಲ 1972 ಜನವರಿಯಾಗ ಹೈಕೋರ್ಟ್ ಜಡ್ಜ್, 1980ರಾಗ ಸುಪ್ರೀಂ ಕೋರ್ಟಿನ ಮೇಲ್ಮನವಿ ವಿಭಾಗ. ಈ ಆಡಳಿತದ ಅನುಭವ ಮುಂದ ಅವ್ರಿಗೆ ಕೈ ಹಿಡೀತು, ಯಾಕಂದ್ರ ಎಲೆಕ್ಷನ್ ಅನ್ನೋದು ಕಾನೂನಿನ ಪುಸ್ತಕದಾಗ ನಡೆಯೋದಲ್ಲ, ತಹಸೀಲ್ದಾರ್, ಪೊಲೀಸ್ ಠಾಣೆ, ಸಾಲಿ ಮಾಸ್ತರ್ರು ಇವ್ರ ಕೈಯಾಗ ನಡೀತೈತಿ, ಆ ಯಂತ್ರ ಹೆಂಗ ತಿರುಗತೈತಿ ಅಂತ ಅವ್ರು ಒಳಗ ಕುಂತು ನೋಡಿದವ್ರು.

ಆ ಕಾಲದಾಗ ದೇಶ ಜನರಲ್ ಎರ್ಷಾದ್ ಕೈಯಾಗಿತ್ತು. 1982 ಮಾರ್ಚ್‌ದಾಗ ಸೈನ್ಯದ ಬಲದಿಂದ ಬಂದವ್ರು. 1983 ಫೆಬ್ರವರಿಯಾಗ ಢಾಕಾದಾಗ ವಿದ್ಯಾರ್ಥಿಗಳ ಮ್ಯಾಲ ಪೊಲೀಸ್ ಗುಂಡು ಹಾರಿಸಿದ್ರು, ಅದರ ತನಿಖಾ ಆಯೋಗಕ್ಕ ಶಹಾಬುದ್ದೀನ್ ಅವ್ರನ್ನ ಅಧ್ಯಕ್ಷ ಮಾಡಿದ್ರು, ವರದಿ ಮಾತ್ರ ಸರ್ಕಾರ ಹೊರಗ ಬಿಡಲಿಲ್ಲ. 1986ರಾಗ ಒಂದು ಎಲೆಕ್ಷನ್ ಆತು, 1988ರಾಗ ಇನ್ನೊಂದು ಆತು, 1988ರದ್ದನ್ನ ದೊಡ್ಡ ವಿರೋಧ ಪಕ್ಷಗಳು ಎಲ್ಲಾ ಬಹಿಷ್ಕಾರ ಮಾಡಿದ್ವು.

ಇಲ್ಲೇ ಒಂದು ಮಾತು ಗಮನ ಇಟ್ಟು ಕೇಳ್ರಿ. ಆಗ ಬಾಂಗ್ಲಾದಾಗ ಎಲೆಕ್ಷನ್ ಕಮಿಷನ್ ಇರಲಿಲ್ಲ ಅಂತಲ್ಲ, ಇತ್ತು, ಅದರ ಮುಖ್ಯಸ್ಥರೂ ಜಡ್ಜ್‌ಗಳೇ. 1972ರಾಗ ಬಂದ ಮೊದಲನೇ ಮುಖ್ಯ ಚುನಾವಣಾ ಆಯುಕ್ತ ಜಸ್ಟಿಸ್ ಮೊಹಮ್ಮದ್ ಇದ್ರಿಸ್ ಅವ್ರಿಂದ ಹಿಡದು 90ರ ದಶಕದ ನಡುತನಕ ಆ ಕುರ್ಚಿಗೆ ಜಡ್ಜ್‌ಗಳನ್ನೇ ಕೂಡಿಸ್ತಿದ್ರು. ಆದ್ರೂ ಮಂದಿ ಯಾಕ ನಂಬಲಿಲ್ಲ? ಯಾಕಂದ್ರ ಮ್ಯಾಲ ಕುಂತವ್ರು ಜಡ್ಜ್ ಆದ್ರೂ ಕೆಳಗ ಓಟಿನ ಡಬ್ಬಿ ಕಾಯೋ ಪೊಲೀಸ್, ರಿಟರ್ನಿಂಗ್ ಆಫೀಸರ್ ಆಗೋ ಡಿಸಿ, ಇವ್ರ ವರ್ಗಾವಣೆ ಬಡ್ತಿ ಎಲ್ಲಾ ಢಾಕಾದಾಗ ಅಧಿಕಾರದ ಮ್ಯಾಲ ಇದ್ದವ್ರ ಕೈಯಾಗ. ಅದಕ್ಕ ಅಲ್ಲಿ ಜನ ಕೇಳಿದ್ದು ಒಳ್ಳೆ ಆಯುಕ್ತ ಬೇಕು ಅಂತ ಅಲ್ಲ, ಎಲೆಕ್ಷನ್ ಮುಗಿಯೋತನಕ ಸರ್ಕಾರನ ಬ್ಯಾರೆಯವ್ರ ಕೈಗೆ ಕೊಡ್ರಿ ಅಂತ, ಅದನ್ನೇ ಉಸ್ತುವಾರಿ ಸರ್ಕಾರ ಅಂತಾರ. ಆ ಹುಡುಗ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇದೇ.

ಈ ನಡುವ 1989ರಾಗ ಒಂದು ದೊಡ್ಡ ತೀರ್ಪು ಬಂತು, ನಮ್ಮ ಭಾಗದವ್ರಿಗೆ ಇದು ಇನ್ನೂ ಹತ್ರದ ವಿಷಯ. ಎರ್ಷಾದ್ ಸಂವಿಧಾನಕ್ಕ 8ನೇ ತಿದ್ದುಪಡಿ ತಂದು ಹೈಕೋರ್ಟನ್ನ ಒಡೆದು ಢಾಕಾದ ಹೊರಗ ಆರು ಊರಾಗ ಕಾಯಂ ಪೀಠ ಮಾಡಿದ್ರು. ನಾವು ಇಲ್ಲಿ ಪೀಠ ಬೇಕು ಅಂತ ವರ್ಷಗಟ್ಟಲೆ ಹೋರಾಟ ಮಾಡಿ 2008ರಾಗ ಕಲಬುರಗಿ, ಧಾರವಾಡಕ್ಕ ತಂದ್ಕೊಂಡವ್ರು, ನಮಗ ಇದು ಛಲೋನೇ ಅನ್ಸತೈತಿ, ದೂರದ ಊರವ್ರಿಗೆ ಕೋರ್ಟ್ ಹತ್ರ ಆಗೋದು ಸಣ್ಣ ಮಾತಲ್ಲ. ಆದ್ರ ಅಲ್ಲಿ ಸುಪ್ರೀಂ ಕೋರ್ಟಿನ ನಾಲ್ಕು ಜಡ್ಜ್‌ಗಳಾಗ ಮೂವರು ಹೇಳಿದ್ದು, ದೇಶಕ್ಕೆಲ್ಲಾ ಒಂದೇ ಹೈಕೋರ್ಟ್ ಅನ್ನೋದು ಈ ಸಂವಿಧಾನದ ಮೂಲ ರಚನೆ, ಪಾರ್ಲಿಮೆಂಟ್ ತಿದ್ದುಪಡಿ ಮಾಡಬಹುದು ಆದ್ರ ಮೂಲ ರಚನೆ ಮುಟ್ಟಂಗಿಲ್ಲ ಅಂತ. ಮೂಲ ರಚನೆ ಅನ್ನೋ ವಾದ ನಮ್ಮ ಸುಪ್ರೀಂ ಕೋರ್ಟ್ 1973ರಾಗ ಕೇಶವಾನಂದ ಭಾರತಿ ಕೇಸಿನ್ಯಾಗ, ಎಡನೀರು ಮಠದ ಸ್ವಾಮಿಗಳು ಹಾಕಿದ ಕೇಸಿನ್ಯಾಗ, ಕೊಟ್ಟಿದ್ದು. ಹಿಂಗ ತೀರ್ಪು ಕೊಟ್ಟ ಆ ಮೂವರಾಗ ಶಹಾಬುದ್ದೀನ್ ಒಬ್ರು, ಮುಹಮ್ಮದ್ ಹಬೀಬುರ್ ರಹಮಾನ್ ಇನ್ನೊಬ್ರು. ಈ ಹಬೀಬುರ್ ರಹಮಾನ್ ಹೆಸರು ನೆನಪಿಟ್ಕೋರಿ, ಮುಂದ ಬರತೈತಿ. ಮಿಲಿಟರಿಯಿಂದ ಬಂದ ಮನುಷ್ಯ ಅಧಿಕಾರದಾಗ ಇದ್ದಾಗ ಅವ್ನ ತಿದ್ದುಪಡಿಯನ್ನೇ ಹೊಡೆದು ಹಾಕೋದಕ್ಕ ಗುಂಡಿಗಿ ಬೇಕು, ಜನ ಅದನ್ನ ಮರೀಲಿಲ್ಲ. 1990 ಜನವರಿಯಾಗ ಶಹಾಬುದ್ದೀನ್ ಚೀಫ್ ಜಸ್ಟಿಸ್ ಆದ್ರು.

ಅದೇ ವರ್ಷದ ಕೊನಿಗೆ ಬೀದಿಗಳು ತುಂಬಿದ್ವು. ಹಸೀನಾ ಅವ್ರ ಅವಾಮಿ ಲೀಗ್ ಕಡೆಯ ಒಕ್ಕೂಟ, ಖಾಲಿದಾ ಜಿಯಾ ಅವ್ರ ಬಿಎನ್‌ಪಿ (ಬಾಂಗ್ಲಾದೇಶ ನ್ಯಾಷನಲಿಸ್ಟ್ ಪಾರ್ಟಿ) ಕಡೆಯದು, ಎಡಪಕ್ಷಗಳದ್ದು, ಮೂರೂ ಸೇರಿ ನವೆಂಬರ್ 19ಕ್ಕ ಒಂದು ಜಂಟಿ ಒಪ್ಪಂದ ಹೊರಗ ತಂದ್ವು, ಎರ್ಷಾದ್ ಇಳಿಬೇಕು, ಪಕ್ಷ ಇಲ್ಲದ ಒಬ್ರು ಬಂದು ಎಲೆಕ್ಷನ್ ಮಾಡಿಸಬೇಕು ಅಂತ. ಒಬ್ಬರ ಮುಖ ಒಬ್ಬರು ನೋಡದ ಹಸೀನಾ, ಖಾಲಿದಾ ಒಂದೇ ಬೇಡಿಕಿಗೆ ಬಂದಿದ್ದು ಅಲ್ಲಿ ದೊಡ್ಡ ವಿಷಯ. ನವೆಂಬರ್ 27ಕ್ಕ ಡಾಕ್ಟರ್ ಶಂಸುಲ್ ಆಲಂ ಮಿಲನ್ ಅನ್ನೋರು ಗುಂಡಿಗೆ ಬಲಿ ಆದ್ರು, ಆ ಮ್ಯಾಲ ಯಾರೂ ನಿಲ್ಲಲಿಲ್ಲ, ಎಮರ್ಜೆನ್ಸಿ ಹಾಕಿದ್ರೂ ಜನ ಮನಿಗೆ ಹೋಗಲಿಲ್ಲ.

ಈಗ ಅಸಲಿ ತೊಡಕು ಬಂತು. ಎರ್ಷಾದ್ ಬರೇ ರಾಜೀನಾಮಿ ಕೊಟ್ರ ಏನಾಗ್ತಿತ್ತು? ಸಂವಿಧಾನದ ಪ್ರಕಾರ ಉಪರಾಷ್ಟ್ರಪತಿ ಕೈಗೆ ಹೋಗ್ತಿತ್ತು, ಆ ಉಪರಾಷ್ಟ್ರಪತಿ ಮೌದೂದ್ ಅಹ್ಮದ್ ಎರ್ಷಾದ್ ಕಡೆಯವ್ರೇ. ಹಂಗಂತ ಸಂವಿಧಾನ ಪಕ್ಕಕ್ಕಿಟ್ಟು ಬೀದಿಯಾಗಿಂದ ಯಾರನ್ನೋ ತಂದು ಕೂಡಿಸಿದ್ರ ನಾಳೆ ಕೋರ್ಟಿನ್ಯಾಗ ಅದು ನಿಲ್ಲಂಗಿಲ್ಲ, ಸೈನ್ಯಕ್ಕೂ ಒಂದು ನೆಪ ಸಿಗತೈತಿ. ಅದಕ್ಕ ದಾರಿ ಹಿಂಗ ಹುಡುಕಿದ್ರು: ಮೊದ್ಲು ಮೌದೂದ್ ಉಪರಾಷ್ಟ್ರಪತಿ ಹುದ್ದೆಗೆ ರಾಜೀನಾಮಿ ಕೊಡೋದು, ಖಾಲಿ ಆದ ಜಾಗಕ್ಕ ಎರ್ಷಾದ್ ತಮ್ಮ ಅಧಿಕಾರ ಬಳಸಿ ಚೀಫ್ ಜಸ್ಟಿಸ್ ಅವ್ರನ್ನ ಉಪರಾಷ್ಟ್ರಪತಿ ಅಂತ ನೇಮಿಸೋದು, ಆಮ್ಯಾಲ ಎರ್ಷಾದ್ ತಾವೇ ಆ ಹೊಸ ಉಪರಾಷ್ಟ್ರಪತಿ ಕೈಗೆ ರಾಜೀನಾಮಿ ಕೊಟ್ಟು ಹೋಗೋದು. ಡಿಸೆಂಬರ್ 6ಕ್ಕ ಇದೆಲ್ಲಾ ಒಂದೇ ದಿನ ನಡೀತು. ಇಳಿಯೋ ಮನುಷ್ಯನ ಸಹಿಯಿಂದಲೇ ಮುಂದಿನವ್ರಿಗೆ ಅಧಿಕಾರ ಬಂತು, ಅಷ್ಟು ದಿನದ ಗದ್ದಲದಾಗೂ ಅಧಿಕಾರ ಕಾಗದದ ಮ್ಯಾಲ ನೆಟ್ಟಗ ದಾಟಿತು.

ಆದ್ರ ಶಹಾಬುದ್ದೀನ್ ಸುಮ್ನ ಒಪ್ಪಿಕೊಳ್ಳಲಿಲ್ಲ. ಎಲೆಕ್ಷನ್ ಮುಗಿದ ಮ್ಯಾಲ ನಾನು ಹೊಳ್ಳಿ ಚೀಫ್ ಜಸ್ಟಿಸ್ ಆಗಿ ಹೋಗಬೇಕು, ಅದಕ್ಕ ಎಲ್ಲಾ ಪಕ್ಷದವ್ರು ಒಪ್ಪಬೇಕು ಅಂತ ಷರತ್ತು ಹಾಕಿದ್ರು. ನನ್ನ ಪ್ರಕಾರ ಇಡೀ ಕಥಿಯಾಗ ಗಟ್ಟಿ ವಿಷಯ ಇದೇ. ಹೊಳ್ಳಿ ಹೋಗೋದಕ್ಕ ಒಂದು ಜಾಗ ಇಟ್ಕೊಂಡು ಬಂದ ಮನುಷ್ಯ ಯಾವ ಪಕ್ಷದ ಕಡೆ ನೋಡೋ ಅವಶ್ಯಕತೆ ಇರಲಿಲ್ಲ, ಮುಂದ ಮಂತ್ರಿ ಆಗಬೇಕು, ರಾಯಭಾರಿ ಆಗಬೇಕು ಅನ್ನೋ ಲೆಕ್ಕ ಇರಲಿಲ್ಲ, ಅದಕ್ಕ ಎರಡೂ ಕಡೆಯವ್ರು ನಂಬಿದ್ರು. ಅವ್ರು ಇಲ್ಲದಾಗ ಚೀಫ್ ಜಸ್ಟಿಸ್ ಕುರ್ಚಿಗೆ ಬ್ಯಾರೆಯವ್ರನ್ನ ಕಾಯಂ ಮಾಡಲಿಲ್ಲ, ಹಂಗಾಮಿಯಾಗಿ ಹಬೀಬುರ್ ರಹಮಾನ್ ನೋಡ್ಕೊಂಡ್ರು.

ಬಂದ ಮ್ಯಾಲ ಏನ್ ಮಾಡಿದ್ರು? ಪತ್ರಿಕೆಗಳ ಬಾಯಿ ಕಟ್ಟಿದ್ದ ವಿಶೇಷ ಅಧಿಕಾರ ಕಾನೂನಿನ ಕಲಂಗಳನ್ನ ತೆಗೆಸಿದ್ರು, ಎಲೆಕ್ಷನ್‌ಗೆ ಮೊದ್ಲು ಸುದ್ದಿ ಬಿಡುಗಡೆ ಆಗಬೇಕು ಅನ್ನೋದು ಅವ್ರಿಗೆ ಗೊತ್ತಿತ್ತು. ಎಲೆಕ್ಷನ್ ಕಮಿಷನ್‌ಗೆ ಜಸ್ಟಿಸ್ ಅಬ್ದುರ್ ರೌಫ್ ಬಂದ್ರು. ಎರ್ಷಾದ್ ಅರೆಸ್ಟ್ ಆದ್ರು, ಆದ್ರ ಎಲೆಕ್ಷನ್‌ಗೆ ನಿಲ್ಲೋದನ್ನ ತಡೀಲಿಲ್ಲ, ಜೈಲಿನ್ಯಾಗಿಂದಲೇ ರಂಗಪುರ ಕಡೆ ಐದು ಕ್ಷೇತ್ರ ಗೆದ್ರು. ತಾವು ಇಳಿಸಿದ ಮನುಷ್ಯನಿಗೂ ಓಟು ಕೇಳೋ ಹಕ್ಕು ಉಳೀತು ಅಂದ್ರ ಅದು ಆ ಎಲೆಕ್ಷನ್ನಿನ ಗುಣಕ್ಕ ದೊಡ್ಡ ಸಾಕ್ಷಿ ಅಂತೀನಿ ನಾನು. 1991 ಫೆಬ್ರವರಿ 27ಕ್ಕ ಮತದಾನ ಆತು. 300 ಸೀಟಿನ್ಯಾಗ ಬಿಎನ್‌ಪಿಗೆ 140, ಅವಾಮಿ ಲೀಗ್‌ಗೆ 88. ಖಾಲಿದಾ ಜಿಯಾ ಪ್ರಧಾನಿ ಆದ್ರು. ಹಸೀನಾ ಅವ್ರು ಸೂಕ್ಷ್ಮವಾಗಿ ಅಕ್ರಮ ಆಗೈತಿ ಅಂದ್ರು, ಆದ್ರ ಹೊರಗಿಂದ ಬಂದ ವೀಕ್ಷಕರು ಚುನಾವಣೆ ಛಲೋ ನಡೀತು ಅಂತಲೇ ಹೇಳಿದ್ರು.

ಎಲೆಕ್ಷನ್ ಮುಗೀತು, ಅವ್ರು ಮಾತ್ರ ತಕ್ಷಣ ಹೋಗೋಕ ಆಗಲಿಲ್ಲ. ಯಾಕಂದ್ರ ಆಗಿನ ಪದ್ಧತಿ ರಾಷ್ಟ್ರಪತಿ ಪದ್ಧತಿ, ಪ್ರಧಾನಿ ಇದ್ರೂ ಅಸಲಿ ಅಧಿಕಾರ ರಾಷ್ಟ್ರಪತಿ ಕೈಯಾಗ, ಅಂದ್ರ ಇವ್ರ ಕೈಯಾಗನೇ. ಬ್ಯಾರೆಯವ್ರಾಗಿದ್ರ ಇನ್ನೊಂದ್ ನಾಕ್ ವರ್ಷ ಎಳೀತಿದ್ರು. ಇವ್ರು ನನ್ನನ್ನ ಬಿಡಿಸ್ರಿ ಅಂತ ಪಕ್ಷಗಳ ಬೆನ್ನು ಹತ್ತಿದ್ರು. 1991 ಆಗಸ್ಟ್ 6ಕ್ಕ ಪಾರ್ಲಿಮೆಂಟ್ ಎರಡು ತಿದ್ದುಪಡಿ ಪಾಸ್ ಮಾಡಿತು, 11ನೇದು ಇವ್ರ ನೇಮಕ, ಇವ್ರು ಮಾಡಿದ ಕೆಲಸ ಎಲ್ಲಾ ಕಾನೂನುಬದ್ಧ, ಇವ್ರು ಹೊಳ್ಳಿ ಚೀಫ್ ಜಸ್ಟಿಸ್ ಆಗಬಹುದು ಅನ್ನೋದು, 12ನೇದು ನಮ್ಮಂಗ ಪಾರ್ಲಿಮೆಂಟರಿ ಪದ್ಧತಿ ತರೋದು. ಸೆಪ್ಟೆಂಬರ್ 15ಕ್ಕ ಜನಮತ ತಗೊಂಡ್ರು, ಅಕ್ಟೋಬರ್‌ದಾಗ ಹೊಸ ರಾಷ್ಟ್ರಪತಿ ಬಂದ್ರು, ಇವ್ರು ಅಕ್ಟೋಬರ್ 10ಕ್ಕ ಕೋರ್ಟಿಗೆ ಹೋದ್ರು. 1995 ಫೆಬ್ರವರಿ 1ಕ್ಕ, 65 ತುಂಬಿದ ದಿನ, ಅಲ್ಲಿಂದ ರಿಟೈರ್ ಆದ್ರು.

ಮುಂದಿನದು ನೋವಿನ ಭಾಗ. 1994 ಮಾರ್ಚ್‌ದಾಗ ಮಾಗುರಾ ಉಪಚುನಾವಣೆಯಾಗ ಭಾರೀ ಅಕ್ರಮದ ಆರೋಪ ಬಂತು. ಆಗ ಮುಖ್ಯ ಚುನಾವಣಾ ಆಯುಕ್ತ ಯಾರಿದ್ರು? 1991ರಾಗ ಎಲ್ಲರೂ ಹೊಗಳಿದ ಅದೇ ಜಸ್ಟಿಸ್ ರೌಫ್. ಅದೇ ಜಡ್ಜ್, ಅದೇ ಕಮಿಷನ್, ಮ್ಯಾಲ ಮಾತ್ರ ಪಕ್ಷದ ಸರ್ಕಾರ. ವಿರೋಧ ಪಕ್ಷದವ್ರಿಗೆ ವಾದ ಕೈಗೆ ಸಿಕ್ತು, 1991ರ ಪದ್ಧತಿನ ಕಾಯಂ ಮಾಡ್ರಿ ಅಂತ ಪಟ್ಟು ಹಿಡಿದ್ರು. 1996 ಫೆಬ್ರವರಿ 15ಕ್ಕ ಅವ್ರು ಬಹಿಷ್ಕಾರ ಹಾಕಿದ ಎಲೆಕ್ಷನ್ ಒಂದು ನಡೀತು, ಆ ಪಾರ್ಲಿಮೆಂಟೇ ಮಾರ್ಚ್‌ದಾಗ 13ನೇ ತಿದ್ದುಪಡಿ ಮಾಡಿ ವಿಸರ್ಜನೆ ಆತು. ಅವಧಿ ಮುಗಿದ ಮ್ಯಾಲ ಸರ್ಕಾರ ಇಳಿಬೇಕು, ಕೊನಿಗೆ ರಿಟೈರ್ ಆದ ಚೀಫ್ ಜಸ್ಟಿಸ್ ಮುಖ್ಯ ಸಲಹೆಗಾರ ಆಗಿ ಉಸ್ತುವಾರಿ ಸರ್ಕಾರ ನಡೆಸಬೇಕು, ಅವ್ರು ಒಪ್ಪಲಿಲ್ಲಾಂದ್ರ ಅವ್ರಕಿಂತ ಹಿಂದಿನವ್ರು, ಹಿಂಗ ಸಾಲಾಗಿ ಇಳಕೊಂತ ಹೋಗಿ ಯಾರೂ ಸಿಗಲಿಲ್ಲಾಂದ್ರ ಕೊನಿಗೆ ರಾಷ್ಟ್ರಪತಿ. ಮೊದ್ಲು ಬಂದವ್ರು ಹಬೀಬುರ್ ರಹಮಾನ್, ಆಗಲೇ ಹೇಳಿದ್ನಲ್ಲ ಅವ್ರೇ, 1996 ಜೂನ್ 12ರ ಎಲೆಕ್ಷನ್ ಮಾಡಿಸಿದ್ರು, ನಡುವ ಸೈನ್ಯದ ಮುಖ್ಯಸ್ಥರನ್ನ ರಾಷ್ಟ್ರಪತಿ ತೆಗೆದು ಹಾಕಿದಾಗ ದೇಶ ಕೈತಪ್ಪದಂಗ ನೋಡ್ಕೊಂಡ್ರು. 2001ರಾಗ ಲತೀಫುರ್ ರಹಮಾನ್ ಮಾಡಿಸಿದ್ರು. ಶಹಾಬುದ್ದೀನ್ ಅವ್ರೂ ಈ ನಡುವ 1996ರಿಂದ 2001ರ ತನಕ ರಾಷ್ಟ್ರಪತಿ ಆಗಿದ್ರು, ಈ ಸಲ ಅವಾಮಿ ಲೀಗ್ ಕರೆದು ಕೂಡಿಸಿದ್ದು, ಅಧಿಕಾರ ಇಲ್ಲದ ಹುದ್ದೆ, 2001ರಾಗ ಸೋತಾಗ ಅದೇ ಪಕ್ಷ ಅವ್ರ ಮ್ಯಾಲೂ ಸಿಟ್ಟಾತು.

ಈಗ ನೋಡ್ರಿ ಎಲ್ಲಿ ಕೆಟ್ಟಿತು ಅಂತ. 1990ರಾಗ ಇವ್ರೇ ಬರ್ತಾರ ಅಂತ ಯಾರಿಗೂ ಮೊದ್ಲು ಗೊತ್ತಿರಲಿಲ್ಲ. 1996ರ ನಂತರ ಮಾತ್ರ ಮುಂದಿನ ಎಲೆಕ್ಷನ್ ಯಾರು ಮಾಡಿಸ್ತಾರ ಅನ್ನೋದು ಕ್ಯಾಲೆಂಡರ್ ನೋಡಿ ಹೇಳೋ ವಿಷಯ ಆತು, ಚೀಫ್ ಜಸ್ಟಿಸ್ ಯಾವಾಗ ರಿಟೈರ್ ಆಗ್ತಾರ ಅಂತ ಗೊತ್ತಿದ್ರ ಸಾಕು. 2004ರಾಗ ಬಿಎನ್‌ಪಿ ಸರ್ಕಾರ ಜಡ್ಜ್‌ಗಳ ನಿವೃತ್ತಿ ವಯಸ್ಸು 65ರಿಂದ 67ಕ್ಕ ಏರಿಸ್ತು. ಕೇಳಾಕ ಸಾದಾ ತಿದ್ದುಪಡಿ, ಆದ್ರ ಇದರಿಂದ ಆಗ ಕುರ್ಚಿ ಮ್ಯಾಲ ಇದ್ದ ಚೀಫ್ ಜಸ್ಟಿಸ್ 2006ರ ಕೊನಿಗೂ ರಿಟೈರ್ ಆಗಂಗಿಲ್ಲ, ಹಂಗಾಗಿ ಕೊನಿಗೆ ರಿಟೈರ್ ಆದವ್ರು ಅಂದ್ರ ಕೆ.ಎಂ. ಹಸನ್. ಅವ್ರು ಹಿಂದ ಬಿಎನ್‌ಪಿ ಜೊತಿ ಇದ್ದವ್ರು ಅಂತ ಅವಾಮಿ ಲೀಗ್ ಆರೋಪ ಮಾಡಿತು. 2006 ಅಕ್ಟೋಬರ್‌ದಾಗ ಢಾಕಾದ ಬೀದಿಯಾಗ ರಕ್ತ ಹರೀತು, ಹಸನ್ ನನಗ ಬ್ಯಾಡ ಅಂದ್ರು, ರಾಷ್ಟ್ರಪತಿ ಇಯಾಜುದ್ದೀನ್ ನಡುವಿನ ಸಾಲು ಬಿಟ್ಟು ತಾವೇ ಮುಖ್ಯ ಸಲಹೆಗಾರ ಆದ್ರು, 2007 ಜನವರಿ 11ಕ್ಕ ಎಮರ್ಜೆನ್ಸಿ ಬಂತು, ಹಿಂದ ಸೈನ್ಯ ನಿಂತಿತು, 90 ದಿನದಾಗ ಮುಗಿಬೇಕಾದ ಉಸ್ತುವಾರಿ ಎರಡು ವರ್ಷ ನಡೀತು. ಎಲೆಕ್ಷನ್ ಆಗಿದ್ದು 2008 ಡಿಸೆಂಬರ್ 29ಕ್ಕ.

ಅಂದ್ರ ಎಲೆಕ್ಷನ್ನನ್ನ ಪಕ್ಷಗಳ ಕೈಯಿಂದ ಉಳಿಸಾಕ ಜಡ್ಜ್‌ಗಳನ್ನ ತಂದ್ರು, ಪಕ್ಷಗಳು ಅಲ್ಲಿಂದ ಹಿಂದಕ್ಕ ಹೋಗಿ ಜಡ್ಜ್ ನೇಮಕಕ್ಕೇ ಕೈ ಹಾಕಿದ್ವು. ನಾಳೆ ಎಲೆಕ್ಷನ್ ಮಾಡಿಸೋ ಮನುಷ್ಯ ಇವನೇ ಅಂತ ಗೊತ್ತಿದ್ದಾಗ ಇವತ್ತು ಅವನನ್ನ ಚೀಫ್ ಜಸ್ಟಿಸ್ ಮಾಡೋ ಸರ್ಕಾರ ಏನ್ ನೋಡಿ ಮಾಡತೈತಿ, ನೀವೇ ಹೇಳ್ರಿ. ಇದರಿಂದ ಎಲೆಕ್ಷನ್ನಿಗೆ ಆದ ಹಾನಿಕಿಂತ ಕೋರ್ಟಿಗೆ ಆದ ಹಾನಿ ದೊಡ್ಡದು ಅಂತ ನನ್ನ ಅಭಿಪ್ರಾಯ, ಎಲೆಕ್ಷನ್ ಐದು ವರ್ಷಕ್ಕ ಒಮ್ಮಿ, ಕೋರ್ಟ್ ದಿನಾ ಬೇಕು.

2011 ಮೇ 10ಕ್ಕ ಅಲ್ಲಿಯ ಸುಪ್ರೀಂ ಕೋರ್ಟೇ 4-3ರಲ್ಲಿ 13ನೇ ತಿದ್ದುಪಡಿ ಸಂವಿಧಾನಕ್ಕ ವಿರುದ್ಧ ಅಂತ ತೀರ್ಪು ಕೊಟ್ಟಿತು. ಆದ್ರ ಆ ಆದೇಶದಾಗ ಇನ್ನೊಂದು ಮಾತೂ ಇತ್ತು: ದೇಶದ ಪರಿಸ್ಥಿತಿ ನೋಡಿ ಮುಂದಿನ ಎರಡು ಎಲೆಕ್ಷನ್ ಇದೇ ಪದ್ಧತಿಯಾಗ ಮಾಡಬಹುದು, ಜಡ್ಜ್‌ಗಳನ್ನ ಇದರಿಂದ ಹೊರಗ ಇಡಾಕ ಪಾರ್ಲಿಮೆಂಟ್ ತಿದ್ದುಪಡಿ ತರಬಹುದು ಅಂತ. ಹಸೀನಾ ಸರ್ಕಾರ ಜೂನ್ 30ಕ್ಕ ಇಡೀ ಪದ್ಧತಿನ ತೆಗೆದು ಹಾಕ್ತು. ಜಡ್ಜ್ ಹೋದ್ರು, ಉಸ್ತುವಾರಿ ಸರ್ಕಾರನೂ ಹೋತು, ಅದರ ಜಾಗಕ್ಕ ಏನೂ ಬರಲಿಲ್ಲ. 2014 ಜನವರಿ 5ರ ಎಲೆಕ್ಷನ್ನಿನ್ಯಾಗ ವಿರೋಧ ಪಕ್ಷ ನಿಲ್ಲಲಿಲ್ಲ, 300ರಾಗ 153 ಸೀಟು ಅವಿರೋಧ, ಅರ್ಧಕ್ಕಿಂತ ಹೆಚ್ಚು ಕ್ಷೇತ್ರದಾಗ ಜನ ಓಟೇ ಹಾಕಲಿಲ್ಲ. ಅಲ್ಲಿಂದ 2024ರ ಆಗಸ್ಟ್ ತನಕ ಬಂದ ದಾರಿ ನಿಮಗ ಗೊತ್ತೇ ಐತಿ. ಶಹಾಬುದ್ದೀನ್ ಸಾಹೇಬ್ರು ಅದನ್ನ ನೋಡಾಕ ಇರಲಿಲ್ಲ, 2022 ಮಾರ್ಚ್ 19ಕ್ಕ ತೀರಿಕೊಂಡ್ರು.

ಇನ್ನ ಆ ಹುಡುಗನ ಪ್ರಶ್ನೆಯ ಉಳಿದ ಅರ್ಧ, ನಮ್ಮಲ್ಲಿ ಸರ್ಕಾರ ಇಳೀದೇ ಹೆಂಗ ನಡೀತೈತಿ ಅನ್ನೋದು. ನಮ್ಮ ಸಂವಿಧಾನದ 324ನೇ ವಿಧಿ ಎಲೆಕ್ಷನ್ ಪೂರ್ತಿ ಆಯೋಗದ ಕೈಗೆ ಕೊಟ್ಟೈತಿ. ಪ್ರಜಾಪ್ರತಿನಿಧಿ ಕಾಯ್ದೆಯ 28ಎ ಕಲಂ ಪ್ರಕಾರ ಎಲೆಕ್ಷನ್ ಅಧಿಸೂಚನೆ ಹೊರಟ ದಿನದಿಂದ ಫಲಿತಾಂಶದ ತನಕ ರಿಟರ್ನಿಂಗ್ ಆಫೀಸರ್‌ನಿಂದ ಹಿಡದು ಬೂತಿನ ಸಿಬ್ಬಂದಿ, ಎಲೆಕ್ಷನ್ ಡ್ಯೂಟಿ ಪೊಲೀಸ್ ತನಕ ಎಲ್ಲರೂ ಆಯೋಗಕ್ಕ ಡೆಪ್ಯುಟೇಶನ್ ಮ್ಯಾಲ ಹೋದಂಗ, ಆಯೋಗದ ಹತೋಟಿಯಾಗ. ರಾಯಚೂರು ಡಿಸಿ ಆ ದಿನಗಳಾಗ ಜಿಲ್ಲಾ ಚುನಾವಣಾಧಿಕಾರಿ, ಮಂತ್ರಿ ಫೋನ್ ಮಾಡಿ ವರ್ಗಾವಣೆ ಮಾಡಿಸ್ತೀನಿ ಅನ್ನಂಗಿಲ್ಲ. ಬಾಂಗ್ಲಾದಾಗ ಸರ್ಕಾರ ಬದಲಿ ಮಾಡಿ ಸಾಧಿಸಾಕ ಹೋಗಿದ್ದನ್ನ ನಾವು ಸಿಬ್ಬಂದಿ ಯಾರ ಮಾತು ಕೇಳಬೇಕು ಅನ್ನೋದನ್ನ ಬದಲಿ ಮಾಡಿ ಸಾಧಿಸಿದ್ವಿ. ಜಡ್ಜ್‌ಗಳನ್ನ ನಡೆಸೋ ಕೆಲಸಕ್ಕ ಕರೆಯಲಿಲ್ಲ, ಮುಗಿದ ಮ್ಯಾಲಿನ ತಕರಾರಿಗೆ ಇಟ್ಕೊಂಡ್ವಿ. ನಡುವ ಕೋರ್ಟ್ ಕೈ ಹಾಕಂಗಿಲ್ಲ ಅಂತ 329ನೇ ವಿಧಿ ಹೇಳತೈತಿ, 1952ರ ಪೊನ್ನುಸ್ವಾಮಿ ಕೇಸಿನ್ಯಾಗ ಸುಪ್ರೀಂ ಕೋರ್ಟೂ ಅದನ್ನೇ ಹೇಳ್ತು.

ಆದ್ರ ನಮ್ಮದೂ ಒಂದು ಕಡೆ ಸಡಿಲ ಐತಿ, ಆಯುಕ್ತರನ್ನ ಆರಿಸೋರು ಯಾರು ಅನ್ನೋದ್ರಾಗ. 2023 ಮಾರ್ಚ್ 2ಕ್ಕ ಸುಪ್ರೀಂ ಕೋರ್ಟ್ ಪ್ರಧಾನಿ, ವಿರೋಧ ಪಕ್ಷದ ನಾಯಕ, ಚೀಫ್ ಜಸ್ಟಿಸ್ ಮೂವರು ಸೇರಿ ಆರಿಸ್ರಿ, ಪಾರ್ಲಿಮೆಂಟ್ ಕಾನೂನು ಮಾಡೋ ತನಕ ಇದು ಇರಲಿ ಅಂತ ಹೇಳಿತ್ತು. ಅದೇ ಡಿಸೆಂಬರ್‌ದಾಗ ಬಂದ ಕಾನೂನಿನ್ಯಾಗ ಚೀಫ್ ಜಸ್ಟಿಸ್ ಜಾಗಕ್ಕ ಪ್ರಧಾನಿ ಹೆಸರಿಸೋ ಒಬ್ಬ ಕೇಂದ್ರ ಮಂತ್ರಿ ಬಂದ್ರು, ಮೂವರಾಗ ಇಬ್ಬರು ಸರ್ಕಾರದವ್ರೇ ಆದ್ರು. ಬಾಂಗ್ಲಾದ ಅನುಭವ ನೋಡಿದವ್ರು ಜಡ್ಜ್ ದೂರ ಇರೋದೇ ಛಲೋ ಅನ್ನಬಹುದು, ನಾನು ಅಷ್ಟು ದೂರ ಒಪ್ಪಂಗಿಲ್ಲ. ಎಲೆಕ್ಷನ್ ನಡೆಸೋದು ಬ್ಯಾರೆ, ನಡೆಸೋರನ್ನ ಆರಿಸೋ ಮೀಟಿಂಗಿನ್ಯಾಗ ಒಂದು ಓಟು ಹಾಕೋದು ಬ್ಯಾರೆ. ಚೀಫ್ ಜಸ್ಟಿಸ್ ಬ್ಯಾಡ ಅಂದ್ರ ಬ್ಯಾಡ, ಆದ್ರ ಆ ಮೂರನೇ ಕುರ್ಚಿ ಮ್ಯಾಲ ಸರ್ಕಾರದವ್ರಲ್ಲದ ಒಬ್ರು ಇರಬೇಕು.

ತಕರಾರು ಇದ್ದವ್ರಿಗೆ ಒಂದು ಉಪಯೋಗದ ಮಾಹಿತಿ: ಎಂಎಲ್‌ಎ ಅಥವಾ ಎಂಪಿ ಫಲಿತಾಂಶ ಬಂದ ದಿನದಿಂದ 45 ದಿನದೊಳಗ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬೇಕು, ಸೋತ ಅಭ್ಯರ್ಥಿನೇ ಆಗಬೇಕು ಅಂತಿಲ್ಲ, ಆ ಕ್ಷೇತ್ರದ ಮತದಾರನೂ ಹಾಕಬಹುದು. ರಾಯಚೂರಿನವ್ರಿಗೆ ಹೈಕೋರ್ಟ್ ಪೀಠ ಅಂದ್ರ ಕಲಬುರಗಿ, ಕೊಪ್ಪಳ ಬಳ್ಳಾರಿಯವ್ರಿಗೆ ಧಾರವಾಡ. ಆರು ತಿಂಗಳೊಳಗ ವಿಚಾರಣೆ ಮುಗಿಸಾಕ ಪ್ರಯತ್ನ ಮಾಡಬೇಕು ಅಂತ ಕಾಯ್ದೆ ಹೇಳತೈತಿ, ಆದ್ರ ಎಷ್ಟೋ ಕೇಸು ಅದಕ್ಕಿಂತ ಭಾಳ ಎಳೀತಾವ, ಹಂಗಾಗಿ ಕಾಗದ ಪತ್ರ, ಸಾಕ್ಷಿ ಎಲ್ಲಾ ಮೊದಲನೇ ದಿನದಿಂದಲೇ ಗಟ್ಟಿ ಮಾಡ್ಕೊಂಡು ಹೋಗ್ರಿ.